ವಿಲ್ಲಾ ಉಜ್ಜಿದ ಹೆಸರು

ಅರದ ಹಲ್ಲು ಕಬ್ಬಿಣಕ್ಕೆ ತಾಗಿ ಕರ್ ಕರ್ ಎನ್ನುತ್ತಿತ್ತು. ವಿಲ್ಲಾ ಒಮ್ಮೆ ಕೈ ನಿಲ್ಲಿಸಿ ಕಿವಿಗೊಟ್ಟಳು. ಮನೆಯೊಳಗಿಂದ ಅಜ್ಜನ ಗೊರಕೆ ಕೇಳುತ್ತಲೇ ಇತ್ತು. ಸದ್ಯ, ಎಂದುಕೊಂಡು ಮತ್ತೆ ಉಜ್ಜತೊಡಗಿದಳು.

ಗ್ಯಾರೇಜಿನ ಮೇಜಿಗೆ ಕೂರಿಸಿದ್ದ ವೈಸಿನ, ಆ ದೊಡ್ಡ ಕಬ್ಬಿಣದ ಇಕ್ಕಳದ, ಎರಡು ದವಡೆಗಳ ನಡುವೆ ಹೊಸ ವಾಟರ್ ಪಂಪು ಸಿಕ್ಕಿಕೊಂಡಿತ್ತು. ಅದರ ಪಕ್ಕೆಯ ಮೇಲೆ ಉಬ್ಬಿದ ಅಕ್ಷರಗಳಲ್ಲಿ ‘ತೈವಾನ್’ ಎಂದಿತ್ತು. ಈಗ ಅರ್ಧ ಹೆಸರು ಮಾಯವಾಗಿತ್ತು. ಪಂಪು ಅಲುಗಾಡಬಾರದೆಂದು ವಿಲ್ಲಾ ಮೈಭಾರವನ್ನೆಲ್ಲ ಹಾಕಿ ವೈಸನ್ನು ಇನ್ನಷ್ಟು ಬಿಗಿ ಮಾಡಿದಳು.

ಮೂಲೆಯಲ್ಲಿ ಅಜ್ಜನ ಹಾಟ್ ರಾಡ್ ಟಾರ್ಪಾಲು ಹೊದ್ದು ಮಲಗಿತ್ತು. ಅಜ್ಜ ತನ್ನ ಹರೆಯದಲ್ಲಿ ಗುಜರಿಯಿಂದ ಎಳೆದು ತಂದ ಪುಟ್ಟ ಫೋರ್ಡ್ ಕಾರು ಅದು. ಅದರ ಮೈ ತಟ್ಟಿ, ಮಾಡು ತಗ್ಗಿಸಿ, ಮುಂದೆ ದೊಡ್ಡದೊಂದು ಷೆವ್ರೊಲೆ ಎಂಜಿನ್ ಕೂರಿಸಿದ್ದ. ಎಂಜಿನ್ನಿನ ಮೇಲೆ ಮುಚ್ಚಳ ಇರಲಿಲ್ಲ. ಇಷ್ಟು ಚಂದದ ಎಂಜಿನ್ ಯಾಕೆ ಮುಚ್ಚಿಡಬೇಕು ಎಂಬುದು ಅಜ್ಜನ ವಾದ.

ಎರಡು ವರ್ಷದ ಹಿಂದೆ ಅದರ ನೀರಿನ ಪಂಪು ಕೆಟ್ಟುಹೋಯಿತು. ಅಂಗಡಿಯಲ್ಲಿ ಸಿಗುವ ಪಂಪುಗಳೆಲ್ಲ ಹೊರದೇಶದವು. “ಈ ಕಾರಿಗೆ ಹೊರಗಿನ ಒಂದು ಬೋಲ್ಟೂ ಬೇಡ,” ಎಂದು ಅಜ್ಜ ಹಟ ಹಿಡಿದ. ಹಳೇ ಸಾಮಾನಿನ ಸಂತೆ ಎಲ್ಲಿ ನಡೆದರೂ ಹೋಗಿ ಹುಡುಕಿದ. ಅಲ್ಲಿ ಸಿಕ್ಕಿದ, ತಮ್ಮ ಅಮೆರಿಕದಲ್ಲೇ ಮಾಡಿದ ಪಂಪುಗಳೆಲ್ಲ ತುಕ್ಕು ತಿಂದವು, ಬಿರುಕು ಬಿಟ್ಟವು. ಬರಬರುತ್ತಾ ಅಜ್ಜ ಹುಡುಕುವುದನ್ನೂ ಬಿಟ್ಟ, ಗ್ಯಾರೇಜಿನ ಬಾಗಿಲು ತೆಗೆಯುವುದನ್ನೂ ಬಿಟ್ಟ. ಟೀವಿ ಮುಂದೆ ಕೂತವನು ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ವಿಲ್ಲಾಗೆ ಅದೇ ಚಿಂತೆ. ಆ ಕಾರು ಎದ್ದರೆ ಅಜ್ಜನೂ ಎದ್ದಾನು ಎಂದು ಅವಳ ಮನಸ್ಸು ಹೇಳುತ್ತಿತ್ತು.

ಕೊನೆಗೆ ಅಮ್ಮನೇ ಈ ಪಂಪು ತರಿಸಿದ್ದಳು. “ತೈವಾನಿಂದು ಅಂತ ನಾನೇ ಅಜ್ಜನಿಗೆ ಹೇಳ್ತೀನಿ. ಬೈದ್ರೆ ನನ್ನನ್ನೇ ಬೈಲಿ. ನೀನು ಸುಮ್ನಿರು,” ಎಂದು ಹೇಳಿ ಆಸ್ಪತ್ರೆಯ ಕೆಲಸಕ್ಕೆ ಹೋಗಿದ್ದಳು. ಇನ್ನು ಬರುವುದು ಶನಿವಾರ ಸಂಜೆಗೇ.

ಆದರೆ ಭಾನುವಾರ ಚರ್ಚಿನ ಅಂಗಳದಲ್ಲಿ ಕಾರುಗಳಿಗೆ ಆಶೀರ್ವಾದ. ಜೂನ್ ಬಂತೆಂದರೆ ಊರಿನ ಹಾಟ್ ರಾಡುಗಳೆಲ್ಲ ಅಲ್ಲಿ ಸಾಲಾಗಿ ನಿಲ್ಲುತ್ತವೆ. ಲಾರಿಯ ಮೇಲೆ ಹೊತ್ತು ತರುವಂತಿಲ್ಲ. ತನ್ನ ಚಕ್ರದ ಮೇಲೆ ತಾನೇ ಬಂದ ಕಾರಿಗೆ ಮಾತ್ರ ಅಲ್ಲಿ ಜಾಗ. ಅಮ್ಮ ಹೇಳಿ, ಅಜ್ಜ ಸಿಟ್ಟಾಗಿ, ಆ ಸಿಟ್ಟು ಇಳಿಯುವಷ್ಟರಲ್ಲಿ ಭಾನುವಾರ ಕಳೆದೇ ಹೋದರೆ?

ಕೊನೆಯ ಅಕ್ಷರವೂ ಹೋಯಿತು. ವಿಲ್ಲಾ ಪಂಪಿಗೆ ಎಂಜಿನ್ನಿನದೇ ಕಿತ್ತಳೆ ಬಣ್ಣ ಹೊಡೆದಳು. ಉಜ್ಜಿದ ಗುರುತು ಕಾಣಲಿಲ್ಲ.

ಶನಿವಾರ ಬೆಳಿಗ್ಗೆ ಅಜ್ಜನ ಕಾಫಿ ಲೋಟದ ಪಕ್ಕದಲ್ಲೇ ಅದನ್ನು ಇಟ್ಟಳು.

ಅಜ್ಜ ಅದನ್ನು ಎತ್ತಿ, ತೂಗಿ, ಹಿಂದೆ ಮುಂದೆ ತಿರುಗಿಸಿ ನೋಡಿದ. “ಎಲ್ಲಿ ಸಿಕ್ತೇ ಇದು?”

“ಅಮ್ಮ ತರಿಸಿದ್ದು.”

“ಹೆಸರೇ ಇಲ್ವಲ್ಲ ಇದರ ಮೇಲೆ.”

ವಿಲ್ಲಾ ಬ್ರೆಡ್ಡಿಗೆ ಬೆಣ್ಣೆ ಸವರುವುದರಲ್ಲಿ ಮುಳುಗಿಹೋದಂತೆ ತಲೆ ತಗ್ಗಿಸಿದಳು.

“ಯಾರದೋ ಶೆಡ್ಡಲ್ಲಿ ಉಳಿದಿದ್ದ ಹಳೇ ಮಾಲಿರ್ಬೇಕು,” ಎಂದು ಅಜ್ಜ ತಾನೇ ಉತ್ತರ ಹೇಳಿಕೊಂಡ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. “ಏನ್ ನೋಡ್ತಾ ಕೂತಿದೀಯ? ಟಾರ್ಪಾಲು ಎಳಿ, ಬಾ.”

ಎರಡು ವರ್ಷದಿಂದ ಕೇಳದಿದ್ದ ದನಿ ಅದು. ವಿಲ್ಲಾ ಬ್ರೆಡ್ಡನ್ನು ಬಾಯಲ್ಲೇ ಕಚ್ಚಿಕೊಂಡು ಓಡಿದಳು.

ಅವತ್ತು ಮಧ್ಯಾಹ್ನದವರೆಗೂ ಇಬ್ಬರಿಗೂ ಲೋಕದ ಪರಿವೆ ಇರಲಿಲ್ಲ. ಅಜ್ಜ ಕೈ ಚಾಚಿದರೆ ವಿಲ್ಲಾ ಸ್ಪ್ಯಾನರ್ ಕೊಡಬೇಕು. ತಪ್ಪು ಸ್ಪ್ಯಾನರ್ ಕೊಟ್ಟರೆ, “ಇದರಲ್ಲಿ ಸೂಪ್ ಕುಡೀಲಾ?” ಎನ್ನುತ್ತಿದ್ದ. ಪಂಪು ಕೂತಿತು. ರೇಡಿಯೇಟರಿಗೆ ಎಂಜಿನ್ ತಣಿಸುವ ಹಸಿರು ನೀರು ತುಂಬಿದ್ದಾಯಿತು. ಅಜ್ಜ ಕೀಲಿ ತಿರುಗಿಸಿದ. ಎಂಜಿನ್ ಎರಡು ಸಲ ಕೆಮ್ಮಿ, ಆಮೇಲೆ ಗುಡುಗಿನಂತೆ ಎದ್ದಿತು. ಗ್ಯಾರೇಜಿನ ಕಿಟಕಿಗಳು ಗಡಗಡ ನಡುಗಿದವು. ಅಜ್ಜನ ಮುಖದಲ್ಲಿ ನಗು ತುಂಬಿಕೊಂಡಿತು.

ಆಗ ವಿಲ್ಲಾಗೆ ಕಂಡಿತು. ಪಂಪು ಎಂಜಿನ್ನಿಗೆ ಸೇರುವ ಕಡೆಯಿಂದ ಒಂದು ಹಸಿರು ಹನಿ ಇಳಿಯಿತು. ಅದರ ಹಿಂದೆ ಇನ್ನೊಂದು.

“ಅಜ್ಜ, ಸೋರ್ತಿದೆ.”

ಅಜ್ಜ ಎಂಜಿನ್ ಆರಿಸಿ ಬಗ್ಗಿ ನೋಡಿದ. ಬೋಲ್ಟು ಬಿಗಿ ಮಾಡಿ ನೋಡಿದ. ಮತ್ತೆ ಚಾಲೂ ಮಾಡಿದರೆ ಹನಿ ಧಾರೆಯೇ ಆಯಿತು.

ಅಜ್ಜನ ಮುಖದ ನಗು ಆರಿಹೋಯಿತು. ಅಜ್ಜ ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಂಡ. “ಯಾವ ಪುಣ್ಯಾತ್ಮ ಮಾಡಿದ್ನೋ ಇದನ್ನ. ನಿದ್ದೆಗಣ್ಣಲ್ಲಿ ಮಾಡಿದ್ದಾನೆ. ಕೆಲಸದ ಮೇಲೆ ಗೌರವ ಇಲ್ದೋನು.” ಹೀಗೆಂದು ಟಾರ್ಪಾಲಿಗೆ ಕೈ ಹಾಕಿದ. “ಹೋಗ್ಲಿ ಬಿಡು ಮರಿ. ಈ ವರ್ಷಾನೂ ನಮಗೆ ಬರೆದಿಲ್ಲ.”

ಕಾರು ಮಲಗುವುದಕ್ಕೆ ಹೊರಟಿದೆ, ವಿಲ್ಲಾಗೆ ಅದೊಂದು ಸಂಕಟ. ಇನ್ನೊಂದು ಸಂಕಟ ಯಾಕೆಂದು ಅವಳಿಗೇ ತಿಳಿಯಲಿಲ್ಲ. ಎಲ್ಲೋ ಇರುವ, ಅವಳು ಕಾಣದ ಯಾರೋ ಒಬ್ಬರು ಸುಮ್ಮಸುಮ್ಮನೆ ಬೈಸಿಕೊಳ್ಳುತ್ತಿದ್ದರು. ಇಲ್ಲ ಎಂದು ಹೇಳಲು ಅವರು ಇಲ್ಲಿ ಇರಲಿಲ್ಲ.

“ಅವರಲ್ಲ ಅಜ್ಜ,” ಎಂದಳು. “ನಾನು.”

“ಏನು ನೀನು?”

“ಅದರ ಮೇಲೆ ಹೆಸರಿತ್ತು. ತೈವಾನ್ ಅಂತ. ವೈಸಿಗೆ ಹಾಕಿ ಗಟ್ಟಿಯಾಗಿ ಬಿಗಿದು ನಾನೇ ಉಜ್ಜಿಬಿಟ್ಟೆ.”

ಅಜ್ಜ ಟಾರ್ಪಾಲನ್ನು ಕೆಳಗೆ ಬಿಟ್ಟ. ಪಂಪಿನ ಬೋಲ್ಟುಗಳನ್ನು ಬಿಚ್ಚಿದ. ಅದನ್ನು ಬಾಗಿಲ ಬೆಳಕಿಗೆ ಹಿಡಿದ. ಎಂಜಿನ್ನಿಗೆ ಅಂಟಿಕೊಳ್ಳಬೇಕಾದ ನುಣುಪು ಮುಖದ ಮೇಲೆ ವೈಸಿನ ಹಲ್ಲುಗಳು ಸಾಲಾಗಿ ಕಚ್ಚಿದ ಗುರುತಿತ್ತು. ನೀರು ನುಸುಳಿದ್ದು ಅಲ್ಲಿಂದಲೇ.

ಹೆಬ್ಬೆರಳ ಉಗುರಿನಿಂದ ಪಕ್ಕೆಯ ಬಣ್ಣ ಕೆರೆದ. ಉಜ್ಜಿದ ಜಾಗ ಬೆಳ್ಳಗೆ ಹೊಳೆಯಿತು.

“ಹೆಸರು ಯಾಕೆ ತೆಗೆದೆ?”

“ನೋಡಿದ್ರೆ ನೀನು ಹಾಕ್ತಿರ್ಲಿಲ್ಲ.”

“ಹೌದು, ಹಾಕ್ತಿರ್ಲಿಲ್ಲ,” ಎಂದ ಅಜ್ಜ.

ಪಂಪನ್ನು ಕೆಳಗಿಡಲಿಲ್ಲ. ಅದರ ಮೈ ಮೇಲೆ ನಿಧಾನವಾಗಿ ಬೆರಳಾಡಿಸಿದ. ಎರಕ ಹೊಯ್ದ ಎರಡು ಅಚ್ಚು ಕೂಡಿದ ಕಡೆ ಉಳಿಯುವ ಸಣ್ಣ ಗೆರೆಯ ಮೇಲೆ ಬೆರಳು ನಿಂತಿತು. ಮುಂದೆ ಸರಿಯಿತು. ಒಳಗಿನ ಪೊಳ್ಳಿಗೂ ಬೆರಳಿಟ್ಟು ತಡವಿದ. ವಿಲ್ಲಾ ಆ ಬೆರಳನ್ನೇ ನೋಡುತ್ತಿದ್ದಳು.

“ನಾನು ಫೌಂಡ್ರಿಲಿ ಏನ್ ಮಾಡ್ತಿದ್ದೆ ಗೊತ್ತಾ ನಿಂಗೆ?”

“ಕಬ್ಬಿಣ ಕರಗಿಸ್ತಿದ್ದೆ.”

“ಕರಗಿಸೋದು ಬೇರೆಯೋರು. ನಾನು ಮರಳಿನ ಅಚ್ಚು ಕಟ್ತಿದ್ದೆ. ಕಾದ ಕಬ್ಬಿಣ ಅದರೊಳಗೆ ಇಳಿಯೋವಾಗ ಒಂದು ಚಿಟಿಕೆ ಮರಳು ಜಾರಿದ್ರೆ ಸಾಕು, ಎರಕ ಹಾಳು. ಡೆಲ್ಬರ್ಟೂ ನಾನೂ ಅಕ್ಕಪಕ್ಕದಲ್ಲೇ ನಿಂತು ಕೆಲಸ ಮಾಡಿದೋರು. ಇಂಥ ಪಂಪುಗಳನ್ನ ಎಷ್ಟು ಮಾಡಿದೀವೋ ದೇವರಿಗೇ ಗೊತ್ತು. ಒಂದಿನ ಕಂಪನಿಯೋರು ಬಂದು ಫೌಂಡ್ರಿ ಮುಚ್ತೀವಿ ಅಂದ್ರು. ಅಚ್ಚು ತೆಗೆಯೋ ಮರದ ಮಾದರಿಗಳು ಹಡಗಿನಲ್ಲಿ ಎಲ್ಲಿಗೋ ಹೋಗ್ತವಂತೆ, ಪ್ಯಾಕ್ ಮಾಡಿ ಅಂದ್ರು. ಆ ಪೆಟ್ಟಿಗೆಗಳಿಗೆ ಮೊಳೆ ಹೊಡೆದವನು ನಾನೇ.”

“ಎಲ್ಲಿಗೆ ಹೋದ್ವು ಅಜ್ಜ?”

“ಕೇಳ್ಲಿಲ್ಲ. ಕೇಳೋಕೆ ಮನಸ್ಸಾಗ್ಲಿಲ್ಲ.”

ಅಜ್ಜ ಪಂಪನ್ನು ಇನ್ನೊಮ್ಮೆ ಬೆಳಕಿಗೆ ತಿರುಗಿಸಿದ. ಒಲ್ಲದ ಮನಸ್ಸಿನಿಂದ ಬಂದಂತೆ ಮಾತು ಬಂತು.

“ಎರಕ ಚೆನ್ನಾಗಿದೆ. ಮರಳು ತುಂಬೋದು ಗೊತ್ತಿರೋರ ಕೈ ಇದು.”

ಹಾಗೆಂದವನೇ ಹೊರಗೆ ಹೊರಟುಹೋದ. ವಿಲ್ಲಾಗೆ ಅಳು ಬಂತು. ಇನ್ನು ಅಜ್ಜ ಟೀವಿ ಹಾಕುತ್ತಾನೆ ಎಂದುಕೊಂಡಳು. ಆದರೆ ಟೀವಿಯ ಸದ್ದು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅಜ್ಜ ಹಳೆಯ ಕಿಟಕಿಯ ಗಾಜೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದ.

“ನಿನ್ನ ಮೇಲೆ ಕೋಪ ಇದೆ ನಂಗೆ. ಅದನ್ನ ನಾಳೆ ನೋಡ್ಕೊಳೋಣ. ಈಗ ಆ ಉಪ್ಪುಕಾಗದ ತಗೊಂಬಾ. ಒರಟಾದ್ದು ಬೇಡ, ನುಣುಪಿಂದು.”

ಗಾಜನ್ನು ಮೇಜಿನ ಮೇಲೆ ಮಲಗಿಸಿ, ಅದರ ಮೇಲೆ ಉಪ್ಪುಕಾಗದ ಹಾಸಿ, ಎಣ್ಣೆ ಚಿಮುಕಿಸಿದರು. ಪಂಪಿನ ಗಾಯದ ಮುಖವನ್ನು ಕೆಳಗೆ ಮಾಡಿ ಅದರ ಮೇಲಿಟ್ಟರು. ಗಾಜಿನಷ್ಟು ಸಪಾಟು ಬೇರೆ ಏನಿದೆ? ಅದರ ಮೇಲೆ ತಿಕ್ಕಿದರೆ ಕಬ್ಬಿಣವೂ ಸಪಾಟಾಗಲೇಬೇಕು.

“ಅವಸರ ಮಾಡ್ಬೇಡ. ಒತ್ತಲೂ ಬೇಡ. ಅದರ ಭಾರ ಅದಕ್ಕೇ ಸಾಕು. ಸುಮ್ನೆ ಸುತ್ತು ಹಾಕಿಸ್ತಾ ಹೋಗು.”

ವಿಲ್ಲಾ ಸುತ್ತು ಹಾಕಿಸುತ್ತಾ ಹೋದಳು. ಅವಳ ಕೈ ಸೋತರೆ ಅಜ್ಜ, ಅಜ್ಜನ ಕೈ ಸೋತರೆ ಅವಳು. ಪ್ರಾರ್ಥನೆಯ ಹೊತ್ತಿನಂತೆ ಇಬ್ಬರೂ ತಲೆ ಬಗ್ಗಿಸಿ ಕೆಲಸ ಮಾಡಿದರು. ನಡುನಡುವೆ ಒರೆಸಿ ನೋಡಿದರೆ ಹಲ್ಲಿನ ಗುರುತು ಮಾಸುತ್ತಾ ಬರುತ್ತಿತ್ತು. ಕೊನೆಗೆ ವಿಲ್ಲಾ ಬೆರಳಾಡಿಸಿದಾಗ ಎಲ್ಲೂ ತಡೆಯಲಿಲ್ಲ.

ಅಮ್ಮ ಕೆಲಸ ಮುಗಿಸಿ ಬಂದಾಗ ಎಂಜಿನ್ ಓಡುತ್ತಿತ್ತು. ನೆಲ ಒಣಗಿತ್ತು. ಎಣ್ಣೆ ಮೆತ್ತಿದ ಎರಡು ಮುಖಗಳನ್ನು ನೋಡಿ ಅಮ್ಮ, “ಅಪ್ಪ, ಆ ಪಂಪಿನ ವಿಷಯ ನಿಂಗೊಂದು ಹೇಳ್ಬೇಕು,” ಎಂದಳು.

“ಗೊತ್ತಾಯ್ತು ಬಿಡು,” ಎಂದ ಅಜ್ಜ. “ಅಡುಗೆ ಏನು?”

ಭಾನುವಾರ ಚರ್ಚಿನ ಅಂಗಳದಲ್ಲಿ ಅಜ್ಜನ ಕಾರು ಸಾಲಿಗೆ ಬಂದು ನಿಂತಾಗ ಮೊದಲು ಓಡಿ ಬಂದವನು ಡೆಲ್ಬರ್ಟ್. ಅಜ್ಜನಷ್ಟೇ ವಯಸ್ಸು, ಅಜ್ಜನಿಗಿಂತ ದೊಡ್ಡ ಹೊಟ್ಟೆ.

“ಚಳಿಗಾಲದ ನಿದ್ದೆ ಮುಗಿಸಿ ಕರಡಿ ಎದ್ದು ಬಂತಪ್ಪ,” ಎಂದು ಅಜ್ಜನ ಬೆನ್ನಿಗೆ ಗುದ್ದಿದ. ಆಮೇಲೆ ಸುತ್ತ ಸೇರಿದವರ ಜೊತೆ ಅವನೂ ಎಂಜಿನ್ನಿನ ಮೇಲೆ ಬಗ್ಗಿದ. “ಅರೆ, ಪಂಪ್ ಎಲ್ಲಿ ಸಿಕ್ತೋ ನಿಂಗೆ? ನಮ್ಮ ದೇಶದ್ದೇ ತಾನೆ?”

ಅಜ್ಜ ಬಾಯಿ ತೆರೆದ. ಅವನ ಕಿವಿಯ ತುದಿ ಕೆಂಪಾದದ್ದು ವಿಲ್ಲಾಗೆ ಕಂಡಿತು. ಸುತ್ತ ನಿಂತ ನಾಲ್ಕಾರು ಮುದುಕರು ಉತ್ತರಕ್ಕೆ ಕಾಯುತ್ತಿದ್ದರು.

“ತೈವಾನಿಂದು,” ಎಂದಳು ವಿಲ್ಲಾ. ಅವಳ ದನಿ ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. “ಇಲ್ಲಿ ಹೆಸರಿತ್ತು. ನಾನು ಉಜ್ಜಿಬಿಟ್ಟೆ.”

ಡೆಲ್ಬರ್ಟ್ ಅವಳನ್ನೂ ಅಜ್ಜನನ್ನೂ ನೋಡಿದ. “ನೀನು? ತೈವಾನ್? ಒಂದು ಬೋಲ್ಟೂ ಬೇಡ ಅಂತಿದ್ದೋನು?”

“ಮೊದಲು ಎರಕ ಮುಟ್ಟಿ ನೋಡು. ಆಮೇಲೆ ಬಾಯಿ ಮಾಡು,” ಎಂದ ಅಜ್ಜ.

ಡೆಲ್ಬರ್ಟ್ ಪಂಪಿನ ಮೈ ಮೇಲೆ ಬೆರಳಾಡಿಸಿದ. ಗೆರೆಯ ಹತ್ತಿರ ಅವನ ಬೆರಳೂ ಒಂದು ಕ್ಷಣ ನಿಂತಿತು. “ಹೂಂ,” ಎಂದ. “ಸೋರುತ್ತಾ?”

“ನಿನ್ನೆ ಸೋರಿತ್ತು. ಪಂಪು ತೈವಾನಿಂದು, ಸೋರಿಕೆ ಮಾತ್ರ ಅಪ್ಪಟ ಅಮೆರಿಕದ್ದು. ನಮ್ಮ ಗ್ಯಾರೇಜಲ್ಲೇ ತಯಾರಾಗಿದ್ದು.”

ಡೆಲ್ಬರ್ಟ್ ಟೋಪಿ ಬೀಳುವಷ್ಟು ನಕ್ಕ. ಮುದುಕರೆಲ್ಲ ನಕ್ಕರು. ವಿಲ್ಲಾಗೆ ನಾಚಿಕೆಯಾಯಿತು, ನಗುವೂ ಬಂತು. ಡೆಲ್ಬರ್ಟ್ ಟೋಪಿ ಎತ್ತಿಕೊಳ್ಳುತ್ತಾ ಅವಳ ಕಿವಿಯ ಹತ್ತಿರ ಬಗ್ಗಿ, “ನನ್ನ ಕಾರಿನ ಹೆಡ್‌ಲೈಟ್ ಎಲ್ಲಿಯದು ಅಂತ ನಾನಂತೂ ತಿರುಗಿಸಿ ನೋಡೋಕೆ ಹೋಗಿಲ್ಲಮ್ಮ,” ಎಂದು ಪಿಸುಗುಟ್ಟಿದ.

ಅಷ್ಟರಲ್ಲಿ ಪಾದ್ರಿ ಯೋಸ್ಟ್ ಸಾಲಿನ ತುದಿಯಿಂದ ಬರುತ್ತಿದ್ದರು. ಎಲ್ಲರೂ ಟೋಪಿ ತೆಗೆದರು. ಪಾದ್ರಿಗಳು ಒಂದೊಂದು ಕಾರಿನ ಮೇಲೂ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಅಜ್ಜನ ಕಾರಿನ ಬಳಿ ಬಂದಾಗ ಒಂದು ಗಳಿಗೆ ಅಜ್ಜನ ಭುಜ ಮುಟ್ಟಿದರು. ಆಮೇಲೆ ಕಾರಿನ ಮೇಲೆ ಕೈಯಿಟ್ಟು, ವರ್ಷ ವರ್ಷವೂ ಹೇಳುವ ಮಾತನ್ನೇ ತಮ್ಮ ಎಂದಿನ ಮೆಲುದನಿಯಲ್ಲಿ ಹೇಳಿದರು:

“ತಂದೆಯೇ, ಇದನ್ನು ಓಡಿಸುವವರನ್ನು ಕಾಪಾಡು. ಇದು ಹೋಗುವ ದಾರಿಯನ್ನು ಕಾಪಾಡು. ಇದನ್ನು ಮಾಡಿದ ಕೈಗಳನ್ನು ಕಾಪಾಡು.”

ವಿಲ್ಲಾ ಕಣ್ಣು ಮುಚ್ಚಿದಳು. ಮಾಡಿದ ಕೈಗಳು ಎಂದರೆ ಚಿಕ್ಕಂದಿನಿಂದ ಅವಳಿಗೆ ಕಾಣುತ್ತಿದ್ದದ್ದು ಅಜ್ಜನ ಕೈಗಳು ಮಾತ್ರ. ಇವತ್ತೂ ಅವು ಕಂಡವು. ಅವುಗಳ ಪಕ್ಕದಲ್ಲೇ, ಎಲ್ಲೋ ದೂರದ ಇನ್ನೆರಡು ಕೈಗಳು ಕಂಡವು. ಉಗುರಿನ ಸಂದಿಯಲ್ಲಿ ಕಪ್ಪು ಮರಳು ಕೂತ ಕೈಗಳು. ಅವು ಮರಳನ್ನು ಮೆಲ್ಲಗೆ ತಟ್ಟುತ್ತಿದ್ದವು, ಒಂದು ಚಿಟಿಕೆಯೂ ಜಾರದ ಹಾಗೆ. ಆ ಕೈಗಳವರು ಗಂಡಸೋ ಹೆಂಗಸೋ, ಮುದುಕರೋ ಚಿಕ್ಕವರೋ, ಅವಳಿಗೆ ಗೊತ್ತಾಗಲಿಲ್ಲ. ಮುಖ ಕಾಣಲೆಂದು ಇನ್ನೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಯೇ ನಿಂತಳು.

ಎಲ್ಲರೂ ಆಮೆನ್ ಎಂದರು. ಅವಳ ಆಮೆನ್ ಒಂದಿಷ್ಟು ತಡವಾಗಿ ಬಂತು.