ಮೋಟುಗೋಡೆ ತಿರುವು

ನಗುವವರು ನಗಲಿ, ನಡೆದದ್ದನ್ನು ಹೇಳುತ್ತೇನೆ. ಬೆಟ್ಟದ ಮೇಲಿರುವ ತಂಗಿಗೆ ಹೆರಿಗೆ ನೋವು ಶುರುವಾಗಿದೆ ಎಂದು ಸಂಜೆ ಫೋನ್ ಬಂತು. ಬಸ್ಸಿರಲಿಲ್ಲ. ನಾನು ನರ್ಸು, ಕೈಕಟ್ಟಿ ಕೂರುವವಳಲ್ಲ. ರಸ್ತೆಗಿಳಿದು ಕೈ ಅಡ್ಡ ಹಿಡಿದೆ. ಮಂಜಿನೊಳಗಿಂದ ಬಂದ ಲಾರಿಯೊಂದು ನಿಂತಿತು.

"ಹತ್ತಮ್ಮಾ," ಎಂದ ಮುದುಕ ಡ್ರೈವರ್, ಮರದ ತುಂಡೊಂದನ್ನು ನನ್ನ ಮಡಿಲಿಗಿಟ್ಟ. "ಏರಲ್ಲಿ ಗಾಡಿ ನಿಂತ್ರೆ ಇಳಿದು ಹಿಂದಿನ ಟೈರಿಗೆ ಇದನ್ನ ಕೊಡ್ಬೇಕು, ಜಾರದ ಹಾಗೆ. ನನ್ ಲಾರಿ ಹತ್ತಿದೋರಿಗೆಲ್ಲ ಇದೇ ಕೆಲ್ಸ."

ಇಂಜಿನ್ ಗುಡುಗುತ್ತಿತ್ತು. ಆದರೆ ಕಾಲ ಪಕ್ಕದ ಬಾನೆಟ್ ಮುಟ್ಟಿದರೆ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಮೋಟುಗೋಡೆಯ ತಿರುವಿನಲ್ಲಿ ಲಾರಿ ನಿಂತಿತು. ನಾನು ಕೆಂಪು ಕೆಸರಿಗೆ ಧುಮುಕಿ ಟೈರಿಗೆ ತುಂಡು ಕೊಟ್ಟೆ. ಟೈರಿನ ಮೇಲೆ ಒಂದು ಚೂರು ಕೆಸರಿರಲಿಲ್ಲ.

ತಂಗಿಯ ಬಾಗಿಲಲ್ಲೇ ಇಳಿಸಿದ. "ಓಡಮ್ಮಾ, ಮಗು ಕಾಯ್ತಿದೆ." ಮಗುವಿನ ವಿಷಯ ನಾನು ಅವನಿಗೆ ಹೇಳಿರಲೇ ಇಲ್ಲ.

ಚಪ್ಪಲಿ ಹೊಸ್ತಿಲಾಚೆ ಎಸೆದು ಒಳಗೆ ಓಡಿದೆ. ಹೊಕ್ಕುಳಬಳ್ಳಿ ಕೂಸಿನ ಕೊರಳಿಗೆ ಸುತ್ತಿಕೊಂಡಿತ್ತು. ಬಿಡಿಸಿದೆ, ಬೆನ್ನು ಉಜ್ಜಿದೆ. ಮಾಡು ಹಾರಿಹೋಗುವ ಹಾಗೆ ಅತ್ತಳು ಪುಟ್ಟಿ! ಗೆದ್ದೆವು ಎಂದು ಅಕ್ಕ ತಂಗಿಯರಿಬ್ಬರೂ ನಗುತ್ತಲೇ ಅತ್ತೆವು.

ಆಗ ತಂಗಿಯ ಗಂಡ ಕೇಳಿದ: "ಅಕ್ಕಾ, ಹಾರ್ಕೊಂಡು ಬಂದ್ರಾ? ಮೋಟುಗೋಡೆ ತಿರುವು ಬೆಳಿಗ್ಗೇನೇ ಕುಸಿದು ಕಣಿವೆಗೆ ಹೋಯ್ತಲ್ಲ!"

ಮರುದಿನ ಹೋಗಿ ನೋಡಿದೆ. ನಾನು ಇಳಿದು ನಿಂತಿದ್ದ ಜಾಗದಲ್ಲಿ ನೆಲವೇ ಇರಲಿಲ್ಲ.

ಆ ನೆಲದ ಕೆಂಪು ಕೆಸರು ನನ್ನ ಚಪ್ಪಲಿಗೆ ಮೆತ್ತಿಕೊಂಡಿತ್ತು. ಪುಟ್ಟಿ ಈಗ ಓಡಾಡುತ್ತಾಳೆ. ಆ ಚಪ್ಪಲಿಯನ್ನು ನಾನಿನ್ನೂ ತೊಳೆದಿಲ್ಲ.