ಅನ್ವರಿಯ ನಲವತ್ತು ಸೆಕೆಂಡು

೧೯೮೯ರ ಮಾರ್ಚ್ ೧೪, ಬೆಳಿಗ್ಗೆ ೧೧.೨೦. ಖಾಸಬಾಗದ ರೆಕಾರ್ಡಿಂಗ್ ಅಂಗಡಿಯ ಮಾಲೀಕ ಸಿದ್ದಪ್ಪ ಠಾಣೆಗೆ ಓಡಿ ಬಂದಾಗ ಅಂಗಿಯ ತೋಳೆಲ್ಲ ರಕ್ತ. ತಾನು ಚಹಾ ಕುಡಿದು ಬರುವಷ್ಟರಲ್ಲಿ ಆಪರೇಟರ್ ಕಲ್ಲಯ್ಯನನ್ನು ಯಾರೋ ಹೊಡೆದು ಕೊಂದಿದ್ದಾರೆಂದು ದೂರು ಕೊಟ್ಟ. ಇನ್‌ಸ್ಪೆಕ್ಟರ್ ಗುರುಪುತ್ರಪ್ಪ ಎಫ್‌ಐಆರ್ ಬರೆಸಿ, ಕಾನ್‌ಸ್ಟೆಬಲ್ ಕರೆಪ್ಪನೊಂದಿಗೆ ಹೊರಟರು.

ಪಂಚರ ಎದುರು ಪಂಚನಾಮೆ ಆಯಿತು. ಕಳವಾದದ್ದು ಏನೂ ಇಲ್ಲ. ಕಲ್ಲಯ್ಯನ ತಲೆಗೆ ಬಿದ್ದದ್ದು ಕಂಪ್ಯೂಟರಿನ ಸ್ಟೆಬಿಲೈಸರ್. ಧ್ವನಿ ತುಂಬಿಡುವ ಆ ಕಂಪ್ಯೂಟರನ್ನು ಸಿದ್ದಪ್ಪ ಊರಿಗೆಲ್ಲ ತೋರಿಸಿ ಮೆರೆದಿದ್ದ. ಗುರುಪುತ್ರಪ್ಪನವರಿಗೆ ಅದರ ತಲೆಬುಡ ತಿಳಿಯದು. ಕೊಟ್ಟ ಆಜ್ಞೆಯನ್ನೆಲ್ಲ ಪ್ರಿಂಟರ್ ಕಾಗದದ ಮೇಲೆ ಮೂಡಿಸುತ್ತದೆ ಎಂದಷ್ಟೇ ಅರ್ಥವಾಯಿತು. ಕೊನೆಯ ಸಾಲು 'ಅಳಿಸು ನ್ಯೂ ಅನ್ವರಿ' ಎಂದಿತ್ತು; ಅದಕ್ಕೆ ಬೆರಳಿಟ್ಟರು.

"ಇದೇನು?"

ಸಿದ್ದಪ್ಪ ಓದಿದ. 'ನ್ಯೂ ಅನ್ವರಿ' ಬಳೆ ಅಂಗಡಿಯ ಹಳೇ ಜಾಹೀರಾತು ಅಳಿಸಬೇಕಿತ್ತಂತೆ.

"ಹೆಸರಿನ ನಡುವ ಜಾಗಾ ಬಿಟ್ರ ಮಿಷನ್ ಎರಡು ಹೆಸರು ಅಂತ ತಿಳಕೋತೈತ್ರಿ. ನಡುವ ಗೀಟು ಹಾಕಿ ಕೂಡಸು ಅಂತ ಕಲ್ಲಯ್ಯಗ ಹೇಳಿ ಹೇಳಿ ಸಾಕಾಗಿತ್ತು. 'ನ್ಯೂ' ಅನ್ನೂದು ಅದಕ್ಕ ಸಿಕ್ಕಿಲ್ಲ. 'ಅನ್ವರಿ' ಅಳಿಸಿ ಹೋಗೇತಿ."

"ಯಾವ ಅನ್ವರಿ?"

ರಿಜಿಸ್ಟರಿನಲ್ಲಿತ್ತು: ಬೀಡಿ ಊರಿನ ವಹಾಬನ ಮಗಳು, ಹಾಡು, ನಲವತ್ತು ಸೆಕೆಂಡು, ಜನವರಿ ೮. ಕ್ಯಾಸೆಟ್ಟಿಗೆ ಇಳಿಸಿ ಕೊಡುವುದು, ಮಾರ್ಚ್ ೧೪.

ಜೀಪು ದೇಸೂರ ದಾಟಿ, ಖಾನಾಪುರದ ಮೇಲೆ ಹಾದು ಬೀಡಿ ಮುಟ್ಟಿದಾಗ ೩.೩೦. ಬಾಜು ಮನೆಯ ರಾಜಬೀಯನ್ನು ಕರೆಪ್ಪ ವಿಚಾರಿಸಿದ. ಒಂಬತ್ತು ವರ್ಷದ ಹುಡುಗಿ ಫೆಬ್ರವರಿಯಲ್ಲಿ ಜ್ವರದಿಂದ ತೀರಿಕೊಂಡಿತ್ತು. ಮನೆಯಲ್ಲಿ ಅದರ ಒಂದು ಫೋಟೋ ಕೂಡ ಇರಲಿಲ್ಲ. ತಾಯಿಗೆ ಮಗಳ ಧ್ವನಿ ಕೇಳಿಸುತ್ತೇನೆಂದು ಹೇಳಿ ವಹಾಬ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿದ್ದ. ತಾವು ಹುಡುಕಿ ಬಂದ ಮನೆ ಇದಾಗಿರದಿದ್ದರೆ ಚೆನ್ನಾಗಿತ್ತು ಎಂದು ಗುರುಪುತ್ರಪ್ಪನವರಿಗೆ ಅನಿಸಿತು.

ವಹಾಬ ಕಟ್ಟೆಯ ಮೇಲೆ ಕುಳಿತಿದ್ದ. ಕೈಗೆ ಹತ್ತಿದ ರಕ್ತ ಕೂಡ ತೊಳೆದಿರಲಿಲ್ಲ.

"ಅಂವಾ ಬೇಕಂತ ಅಳಿಸಿಲ್ಲ, ವಹಾಬ," ಅಂದರು ಗುರುಪುತ್ರಪ್ಪ.

"ಗೊತ್ತೈತ್ರಿ. ತಪ್ಪಾತು ಅಂತ ಕೈ ಮುಗದಾ. ನಾ ಹೊಳ್ಳಿ ಹೊಂಟಿದ್ದೆ. ಹಿಂದಿಂದ ಕರದು ಅಂದಾ, ಚಿಂತಿ ಮಾಡಬ್ಯಾಡ್ರಿ, ನಾಳಿ ಹುಡುಗೀನ ಕರಕೊಂಡ ಬರ್ರಿ, ಇನ್ನೊಮ್ಮಿ ಹಾಡಸೂಣು ಅಂತ."

೩.೫೦ಕ್ಕೆ ದಸ್ತಗಿರಿ ಆಯಿತು. ಕರೆಪ್ಪ ಹೇಳಿಕೆಯನ್ನು ಇದ್ದದ್ದು ಇದ್ದಂತೆ ಬರೆದುಕೊಂಡ. ಹುಡುಗಿ ತೀರಿಕೊಂಡದ್ದನ್ನು ಕಲ್ಲಯ್ಯನಿಗೆ ಯಾರೂ ಹೇಳಿರಲಿಲ್ಲ.