ಕಲ್ಲೇಶನ ಸಹಿ

ಮಗ್ಗದಲ್ಲಿ ನೇಯುವ ರವಿಕೆ ಖಣದ ವಿನ್ಯಾಸ ಬಿಡಿಸುವ ಪುಟ್ಟ ತಂತ್ರಾಂಶವೊಂದನ್ನು ನನ್ನ ಗಂಡ ಕಲ್ಲೇಶ ಲಿನಕ್ಸ್‌ಗಾಗಿ ಬರೆದಿದ್ದ. ಅವನು ತೀರಿಕೊಂಡ ಮೇಲೆ ಅದು ಅನಾಥವಾಗಬಾರದೆಂದು ಸೋರ್ಸ್ ಕೋಡ್ ನೋಡಿಕೊಳ್ಳುವ ಕೆಲಸವನ್ನು ನಾನೇ ವಹಿಸಿಕೊಂಡೆ.

ಮೊನ್ನೆ ಮಧ್ಯಾಹ್ನ ಗುಳೇದಗುಡ್ಡದ ಮನೆಯಲ್ಲಿ ಅಂತರ್ಜಾಲದಿಂದ ಕೋಡ್ ಇಳಿಸಿಕೊಳ್ಳುತ್ತಿದ್ದೆ. ಅಂಥ ಬಿಸಿಲಲ್ಲೂ ಕೀಬೋರ್ಡ್ ತಣ್ಣಗೆ ಕೊರೆಯುತ್ತಿತ್ತು. ಅಡುಗೆಮನೆಯಿಂದ ಅತ್ತೆ ಕೂಗಿದರು: "ಜಯಶ್ರೀ, ಮಗ್ಗದಾಗ ಯಾರ ಕುಂತಾರ?"

"ಯಾರೂ ಇಲ್ರಿ ಅತ್ತಿ. ಮಗ್ಗ ಬಿಚ್ಚಿಟ್ಟೇವಲ್ರಿ."

"ಮತ್ತ ಈ ಸಪ್ಪಳಾ? ಕಲ್ಲೇಶನ ಕೈ ಇದ್ದಂಗ ಐತಿ."

ಸಪ್ಪಳ ನನಗೂ ಕೇಳುತ್ತಿತ್ತು.

ಇಳಿದ ಕೋಡಿನಲ್ಲಿ, ನಾನು ಹುಡುಕಿ ಸೋತಿದ್ದ ತಪ್ಪನ್ನು ಅಂದು ಬೆಳಿಗ್ಗೆ ಯಾರೋ ತಿದ್ದಿದ್ದರು. ಕೆಳಗೆ ಕಲ್ಲೇಶನ ಡಿಜಿಟಲ್ ಸಹಿ. ಅದನ್ನು ಹಾಕಲು ಬೇಕಾದ ಗುಪ್ತಸಂಕೇತದ ಕೀಲಿ ಇದ್ದದ್ದು ಅವನ ಪೆನ್‌ಡ್ರೈವಿನಲ್ಲಿ ಮಾತ್ರ.

ನಮ್ಮ ಮನೆತನದಲ್ಲಿ ಸತ್ತವರ ಕೈಗೆ ಅವರು ನೇಯುತ್ತಿದ್ದ ಲಾಳಿ ಕೊಟ್ಟು ಮಣ್ಣು ಮಾಡುತ್ತಾರೆ. ಕಲ್ಲೇಶನ ಕೈಗೆ ನಾನು ಆ ಪೆನ್‌ಡ್ರೈವ್ ಕೊಟ್ಟಿದ್ದೆ.